ಶಸ್ತ್ರವೈದ್ಯರ ಕೈಗೆ ಅಂಕ ಕೊಡುವುದು ಹೇಗೆ?

ನೀವು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿತವರೋ ಕಲಿಸುವವರೋ ಆಗಿದ್ದರೆ, ಪ್ರಾಯೋಗಿಕ ಪರೀಕ್ಷೆಯ ದಿನ ನಿಮಗೆ ನೆನಪಿರಲೇಬೇಕು. ಬ್ಯೂರೆಟ್ಟಿನಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣ, ಶಂಕುಪಾತ್ರೆಯಲ್ಲಿ ಆಕ್ಸಾಲಿಕ್ ಆಮ್ಲ. ಕಡೆಯ ಹನಿಗೆ ತಿಳಿಗುಲಾಬಿ ಬಣ್ಣ ನಿಲ್ಲುವವರೆಗೂ ವಿದ್ಯಾರ್ಥಿಯ ಕೈ ನಡುಗುತ್ತಿರುತ್ತದೆ. ಈಗ ಬೇರೊಂದು ಬಗೆಯ ಪರೀಕ್ಷೆಯನ್ನು ಊಹಿಸಿಕೊಳ್ಳಿ. ವಿದ್ಯಾರ್ಥಿ ಬ್ಯೂರೆಟ್ಟನ್ನು ಮುಟ್ಟುವುದೇ ಇಲ್ಲ. "ಅನುಮಾಪನ ಹೇಗೆ ಮಾಡುತ್ತೀಯಪ್ಪ?" ಎಂದು ಪರೀಕ್ಷಕರು ಕೇಳುತ್ತಾರೆ, ಅವನು ತಡವರಿಸದೆ ಹೇಳುತ್ತಾನೆ, ಪೂರ್ಣ ಅಂಕ ಪಡೆಯುತ್ತಾನೆ. ಇಂಥ ಪರೀಕ್ಷೆಯನ್ನು ನೀವು ಒಪ್ಪುವಿರಾ?

ಖಂಡಿತ ಒಪ್ಪಲಾರಿರಿ. ಆದರೆ ನಮ್ಮ ಹೊಟ್ಟೆ ಕೊಯ್ದು ಹೊಲಿಯುವ ವೈದ್ಯರಿಗೆ ಪದವಿ ಕೊಡುವ ಅಂತಿಮ ಪರೀಕ್ಷೆ ಬಹುಮಟ್ಟಿಗೆ ಈ ಎರಡನೆಯ ಬಗೆಯದು. ಈ ವಿಷಯ ವೈದ್ಯರಿಗೆ ಬಿಟ್ಟದ್ದು, ನಮಗೇಕೆ ಎನ್ನಬೇಡಿ. ಅಳೆಯುವುದು ವಿಜ್ಞಾನದ ಮೊದಲ ಕೆಲಸ. ಏನನ್ನು ಅಳೆಯಬೇಕೋ ಅದನ್ನೇ ಅಳೆಯುತ್ತಿದ್ದೇವೆಯೇ ಎಂಬ ಪ್ರಶ್ನೆ ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಚೆನ್ನಾಗಿ ಪರಿಚಿತವಾದದ್ದು.

ಕೋಲಾರದ ವಾರ್ಡಿನಲ್ಲಿ

ಎಂ.ಬಿ.ಬಿ.ಎಸ್. ಮುಗಿಸಿ, ಪ್ರವೇಶ ಪರೀಕ್ಷೆ ಬರೆದು, ಜನರಲ್ ಸರ್ಜರಿಯಲ್ಲಿ ಮೂರು ವರ್ಷಗಳ ಎಂ.ಎಸ್. ಪದವಿಗೆ ಸೇರಿದವರನ್ನು ರೆಸಿಡೆಂಟ್ ವೈದ್ಯರು ಎನ್ನುತ್ತಾರೆ. ವಾರ್ಡಿನಲ್ಲಿ ಇವರು 'ಪಿ.ಜಿ. ಡಾಕ್ಟರು'. ರೋಗಿ ಬಂದಾಗ ಮೊದಲು ನೋಡುವವರು ಇವರೇ, ಆಪರೇಷನ್ನಿನಲ್ಲಿ ಹಿರಿಯರಿಗೆ ನೆರವಾಗುವವರೂ ಇವರೇ. ಕ್ರಮೇಣ ಕತ್ತಿ ಇವರ ಕೈಗೆ ಬರುತ್ತದೆ.

ಕೋಲಾರದ ಟಮಕದಲ್ಲಿ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು ಆರಂಭವಾದದ್ದು 1986ರಲ್ಲಿ. ಆರ್.ಎಲ್. ಜಾಲಪ್ಪ ಆಸ್ಪತ್ರೆ ಅದರ ಬೋಧನಾ ಆಸ್ಪತ್ರೆ. ಊರಿನೊಳಗೆ ಸರ್ಕಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ ಇದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಈ ಮೂರೂ ಊರುಗಳು ಕೋಲಾರದಿಂದ ಸುಮಾರು 25ರಿಂದ 35 ಕಿಲೋಮೀಟರ್ ದೂರದೊಳಗಿವೆ. ಬೆಂಗಳೂರು ಕೋಲಾರದಿಂದ ಇನ್ನೂ ಸುಮಾರು 70 ಕಿಲೋಮೀಟರ್.

ಈ ಸೀಮೆಯಲ್ಲಿ ಶಸ್ತ್ರವೈದ್ಯರ ಮುಂದೆ ಬರುವ ಕೆಲಸ ಎಂಥದು ಎಂದು ಊಹಿಸುವುದು ಕಷ್ಟವಲ್ಲ. ಶ್ರೀನಿವಾಸಪುರದಲ್ಲಿ ಮಾವಿನ ಕೊಯ್ಲಿನ ದಿನಗಳಲ್ಲಿ ಮರದಿಂದ ಬಿದ್ದು ಗುಲ್ಮ ಒಡೆದವನೊಬ್ಬ ಬರಬಹುದು. ಮುಳಬಾಗಿಲಿನ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕವರು ಬರಬಹುದು. ಮಾಲೂರಿನ ಇಟ್ಟಿಗೆ, ಹೆಂಚಿನ ಕೆಲಸದಲ್ಲಿ ಕೈ ನಜ್ಜುಗುಜ್ಜಾದವರು ಬರಬಹುದು. ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತವರು, ಜಠರದ ಹುಣ್ಣು ತೂತಾಗಿ ಎರಡು ದಿನ ಮನೆಯಲ್ಲೇ ನರಳಿ ತಡವಾಗಿ ಬಂದವರು, ಹೊಗೆಸೊಪ್ಪು ಜಗಿದು ಬಾಯಿ ಕ್ಯಾನ್ಸರಿಗೆ ತುತ್ತಾದ ಹೆಂಗಸರು ಎಲ್ಲರೂ ಇಲ್ಲಿಗೇ ಬರಬೇಕು. ಇವರಿಗೆ ಬೇಕಾದದ್ದು ಸರಿಯಾದ ಹೊತ್ತಿನಲ್ಲಿ ಸರಿಯಾದ ತೀರ್ಮಾನ ಮತ್ತು ಪಳಗಿದ ಕೈ. ನಮ್ಮ ಮೌಲ್ಯಮಾಪನ ಇವೆರಡನ್ನೂ ಅಳೆಯುತ್ತದೆಯೇ?

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಈ ಲೇಖನದ ಟೀಕೆ ಯಾವುದೇ ಒಂದು ಕಾಲೇಜಿನ ಮೇಲಲ್ಲ. ನಿಯಮಗಳು ದೇಶಕ್ಕೆಲ್ಲ ಒಂದೇ. 2020ರ ಸೆಪ್ಟೆಂಬರ್‌ವರೆಗೆ ಭಾರತೀಯ ವೈದ್ಯಕೀಯ ಪರಿಷತ್ತು, ಆಮೇಲೆ ಅದರ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಈ ನಿಯಮಗಳನ್ನು ರೂಪಿಸಿವೆ. ಕೋಲಾರವನ್ನು ಆರಿಸಿಕೊಂಡದ್ದು ಆ ನಿಯಮಗಳನ್ನು ನಮ್ಮ ನೆಲದ ಮೇಲಿಟ್ಟು ನೋಡುವುದಕ್ಕಾಗಿ.

ಅಂತಿಮ ಪರೀಕ್ಷೆ ಏನನ್ನು ಅಳೆಯುತ್ತದೆ?

ಮೂರನೆಯ ವರ್ಷದ ಕೊನೆಗೆ ರೆಸಿಡೆಂಟರು ನಾಲ್ಕು ಪ್ರಶ್ನೆಪತ್ರಿಕೆಗಳಿಗೆ ಉತ್ತರ ಬರೆಯುತ್ತಾರೆ. ಆಮೇಲೆ ಕ್ಲಿನಿಕಲ್ ಪರೀಕ್ಷೆ ಮತ್ತು ಮೌಖಿಕ ಪರೀಕ್ಷೆ. ಪರೀಕ್ಷಕರಲ್ಲಿ ಅರ್ಧದಷ್ಟಾದರೂ ಹೊರಗಿನವರಿರಬೇಕು. ಒಬ್ಬ ರೋಗಿಯನ್ನು ದೀರ್ಘವಾಗಿ, ಕೆಲವರನ್ನು ಹ್ರಸ್ವವಾಗಿ ಪರೀಕ್ಷಿಸಿ ವಿವರ ಒಪ್ಪಿಸಬೇಕು. ಹರ್ನಿಯಾ, ಗಳಗಂಡ, ಉಬ್ಬಿದ ಕಾಲಿನ ರಕ್ತನಾಳ, ಸ್ತನದ ಗಂಟು ಇತ್ಯಾದಿ ರೋಗಿಗಳು ಇದಕ್ಕೆ ಸಿಗುತ್ತಾರೆ. ಬಳಿಕ ಉಪಕರಣಗಳನ್ನು, ಎಕ್ಸ್-ರೇಗಳನ್ನು, ಜಾಡಿಯಲ್ಲಿಟ್ಟ ಅಂಗಗಳನ್ನು ತೋರಿಸಿ ಪ್ರಶ್ನೆ ಕೇಳುತ್ತಾರೆ.

ಈ ಪರೀಕ್ಷೆಯಲ್ಲಿ ಒಳ್ಳೆಯದಿಲ್ಲವೆಂದಲ್ಲ. ರೋಗಿಯ ಮಾತು ಕೇಳಿಸಿಕೊಂಡು, ಮುಟ್ಟಿ ನೋಡಿ, ರೋಗವನ್ನು ಗುರುತಿಸುವ ಶಕ್ತಿ ಇಲ್ಲಿ ಬಯಲಾಗುತ್ತದೆ. ಹೊರಗಿನ ಪರೀಕ್ಷಕರು ಇರುವುದೂ ಒಂದು ಕಾವಲೇ. ಆದರೆ ಬಿ.ಎಡ್. ತರಗತಿಯಲ್ಲಿ ನೀವು ಓದಿದ ಎರಡು ಪದಗಳನ್ನು ನೆನಪು ಮಾಡಿಕೊಳ್ಳಿ: ಸಪ್ರಮಾಣತೆ ಮತ್ತು ವಿಶ್ವಸನೀಯತೆ.

ಅಳೆಯಬೇಕಾದುದನ್ನೇ ಅಳೆಯುವುದು ಸಪ್ರಮಾಣತೆ. 1990ರಲ್ಲಿ ಅಮೆರಿಕದ ಜಾರ್ಜ್ ಮಿಲ್ಲರ್ ಇದನ್ನು ಒಂದು ಪಿರಮಿಡ್ಡಿನ ಚಿತ್ರವಾಗಿ ವಿವರಿಸಿದರು. ತಳದಲ್ಲಿ 'ಗೊತ್ತಿದೆ', ಅದರ ಮೇಲೆ 'ಹೇಗೆಂದು ಗೊತ್ತಿದೆ', ಅದರ ಮೇಲೆ 'ಮಾಡಿ ತೋರಿಸುತ್ತಾನೆ', ತುದಿಯಲ್ಲಿ 'ದಿನನಿತ್ಯ ಮಾಡುತ್ತಾನೆ'. ನಮ್ಮ ಅಂತಿಮ ಪರೀಕ್ಷೆ ರೋಗನಿದಾನದ ಮಟ್ಟಿಗೆ ಮೂರನೆಯ ಮೆಟ್ಟಿಲನ್ನು ಮುಟ್ಟುತ್ತದೆ. ಶಸ್ತ್ರಕ್ರಿಯೆಯ ಮಟ್ಟಿಗೆ ಎರಡನೆಯ ಮೆಟ್ಟಿಲಲ್ಲೇ ನಿಲ್ಲುತ್ತದೆ. ಅಲ್ಲಿ ಅಭ್ಯರ್ಥಿ ಕೊಯ್ಯುವುದನ್ನು ಯಾರೂ ನೋಡುವುದಿಲ್ಲ.

ಮತ್ತೆ ಮತ್ತೆ ಅಳೆದರೂ ಹೆಚ್ಚುಕಡಿಮೆ ಅದೇ ಉತ್ತರ ಬರುವುದು ವಿಶ್ವಸನೀಯತೆ. ಗಳಗಂಡದ ರೋಗಿ ಸಿಕ್ಕಿದ್ದರೆ ಮಿಂಚುತ್ತಿದ್ದ ಅಭ್ಯರ್ಥಿ ಕಾಮಾಲೆಯ ರೋಗಿ ಸಿಕ್ಕಿ ಮುಗ್ಗರಿಸಬಹುದು. ಒಂದು ಪ್ರಕರಣದಲ್ಲಿ ತೋರಿದ ಜಾಣ್ಮೆ ಇನ್ನೊಂದರಲ್ಲಿ ಇದ್ದೇ ಇರುತ್ತದೆಂದು ಹೇಳಲಾಗದು ಎಂಬುದು 1970ರ ದಶಕದ ಅಧ್ಯಯನಗಳಿಂದಲೇ ತಿಳಿದಿರುವ ಸಂಗತಿ. ಮಾದರಿಗಳು ಕಡಿಮೆಯಾದಷ್ಟೂ ಅದೃಷ್ಟದ ಪಾಲು ಹೆಚ್ಚು. ಕೈಬಿಗಿ ಪರೀಕ್ಷಕರು, ಕೈಸಡಿಲ ಪರೀಕ್ಷಕರು ಎಂಬ ಭೇದ ಇದರ ಮೇಲೆ ಸೇರುತ್ತದೆ. ಈ ಕೊರತೆಯನ್ನು ತುಂಬಲೆಂದೇ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಹೊಸ ಕ್ರಮವೊಂದನ್ನು ಪ್ರಕಟಿಸಿದರು. ಅಭ್ಯರ್ಥಿಗಳೆಲ್ಲ ಹಲವು ಮೇಜುಗಳನ್ನು ಸುತ್ತುತ್ತಾರೆ, ಪ್ರತಿ ಮೇಜಿನಲ್ಲೂ ಎಲ್ಲರಿಗೂ ಒಂದೇ ಕೆಲಸ, ಒಂದೇ ಅಂಕಪಟ್ಟಿ. ಇದೇ ಮುಂದೆ 'ಓಸ್ಕಿ' ಎಂದು ಹೆಸರಾಯಿತು.

ರೆಕಾರ್ಡ್ ಪುಸ್ತಕದ ಕಥೆ

"ಕೈಕೆಲಸಕ್ಕೆ ಲಾಗ್ ಪುಸ್ತಕ ಇದೆಯಲ್ಲ" ಎಂದು ನೀವು ಕೇಳಬಹುದು. ಇದೆ. ಯಾವ ಶಸ್ತ್ರಕ್ರಿಯೆಗೆ ನೆರವಾದೆ, ಯಾವುದನ್ನು ಸ್ವತಂತ್ರವಾಗಿ ಮಾಡಿದೆ ಎಂದು ರೆಸಿಡೆಂಟರು ದಾಖಲಿಸಬೇಕು, ಅಧ್ಯಾಪಕರು ಅದನ್ನು ಪರಿಶೀಲಿಸಬೇಕು ಎಂದು 2000ದ ನಿಯಮಾವಳಿ ಹೇಳಿತ್ತು. 2023ರ ನಿಯಮಾವಳಿಯಲ್ಲಿಯೂ ಅದು ಮುಂದುವರಿದಿದೆ.

ಆದರೆ ಪ್ರಾಯೋಗಿಕ ರೆಕಾರ್ಡ್ ಪುಸ್ತಕದ ಗತಿ ಏನೆಂದು ನಿಮಗೆ ತಿಳಿಯದೆ? ಪರೀಕ್ಷೆಯ ಹಿಂದಿನ ವಾರ ಗೆಳೆಯನ ರೆಕಾರ್ಡ್ ನೋಡಿ ಬರೆದು, ಒಂದೇ ಸಲಕ್ಕೆ ಹತ್ತು ರುಜು ಹಾಕಿಸಿಕೊಳ್ಳುವ ವಿದ್ಯಾರ್ಥಿಗಳು ಎಲ್ಲ ಕಡೆಯೂ ಇದ್ದಾರೆ. ಪುಸ್ತಕಕ್ಕೆ ರುಜು ಬೀಳುವುದಕ್ಕೂ ಕೆಲಸವನ್ನು ಕಣ್ಣಾರೆ ನೋಡಿ ಅಂಕ ಕೊಡುವುದಕ್ಕೂ ಬಹಳ ಅಂತರ. ಅಲ್ಲದೆ 'ನೆರವಾದೆ' ಎಂಬ ಪದದ ವ್ಯಾಪ್ತಿ ದೊಡ್ಡದು. ಗಾಯದ ಅಂಚನ್ನು ಕೊಕ್ಕೆಯಿಂದ ಎಳೆದು ಹಿಡಿದು ನಿಂತವರೂ ನೆರವಾದವರೇ, ಕರುಳಿನ ಜೋಡಣೆಯ ಅರ್ಧ ಹೊಲಿಗೆ ಹಾಕಿದವರೂ ನೆರವಾದವರೇ.

ಅಮೆರಿಕದಲ್ಲಿ ಜನರಲ್ ಸರ್ಜರಿಯ ರೆಸಿಡೆಂಟರು ಐದು ವರ್ಷಗಳಲ್ಲಿ ಕನಿಷ್ಠ 850 ದೊಡ್ಡ ಶಸ್ತ್ರಕ್ರಿಯೆಗಳನ್ನು ಮಾಡಿರಬೇಕೆಂಬ ನಿಯಮವಿದೆ. ಸಂಖ್ಯೆ ಇರುವುದು ಇಲ್ಲದಿರುವುದಕ್ಕಿಂತ ಮೇಲು. ಆದರೂ ಎಷ್ಟು ಸಲ ಮಾಡಿದ ಎಂಬುದು ಎಷ್ಟು ಚೆನ್ನಾಗಿ ಮಾಡಿದ ಎಂಬುದಕ್ಕೆ ಉತ್ತರವಾಗದು.

ಕೈಚಳಕ ಅಳೆಯಬಹುದೇ?

"ಕೈಗುಣ ಅಳತೆಗೆ ಸಿಗುವುದಲ್ಲ" ಎಂಬ ಮಾತು ಹಳೆಯದು. ಅದು ಸರಿಯಲ್ಲವೆಂದು ಕೆನಡಾದ ಟೊರಾಂಟೊದಲ್ಲಿ ರಿಚರ್ಡ್ ರೆಜ್ನಿಕ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿಕೊಟ್ಟರು. ಅವರ ಕ್ರಮದಲ್ಲಿ ಅಭ್ಯರ್ಥಿ ಮಾದರಿಗಳ ಮೇಲೆ ಹಲವು ಕೆಲಸಗಳನ್ನು ಮಾಡಿ ತೋರಿಸುತ್ತಾನೆ. ಪರೀಕ್ಷಕರು ಏಳು ಅಂಶಗಳಿಗೆ ತಲಾ 1ರಿಂದ 5 ಅಂಕ ಕೊಡುತ್ತಾರೆ: ಅಂಗಾಂಶವನ್ನು ನಾಜೂಕಾಗಿ ಹಿಡಿಯುವುದು, ವ್ಯರ್ಥ ಚಲನೆ ಇಲ್ಲದಿರುವುದು, ಉಪಕರಣ ಹಿಡಿಯುವ ರೀತಿ, ಉಪಕರಣಗಳ ಅರಿವು, ಸಹಾಯಕರನ್ನು ಬಳಸಿಕೊಳ್ಳುವುದು, ಕೆಲಸದ ಓಟ ಮತ್ತು ಮುಂದಾಲೋಚನೆ, ಆ ಶಸ್ತ್ರಕ್ರಿಯೆಯ ಬಗೆಗಿನ ತಿಳಿವಳಿಕೆ. ಒಟ್ಟು 35 ಅಂಕ.

ಇಂಥ ಅಂಕಗಳಿಗೂ ರೋಗಿಯ ಹಣೆಬರಹಕ್ಕೂ ಸಂಬಂಧ ಉಂಟೇ? 2013ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಜಾನ್ ಬರ್ಕ್‌ಮೈಯರ್ ಮತ್ತು ಸಂಗಡಿಗರು ಇದನ್ನು ನೇರವಾಗಿ ಪರೀಕ್ಷಿಸಿದರು. ಬೊಜ್ಜು ಇಳಿಸುವ ಶಸ್ತ್ರಕ್ರಿಯೆ ಮಾಡುವ 20 ಮಂದಿ ಶಸ್ತ್ರವೈದ್ಯರು ತಲಾ ಒಂದು ವಿಡಿಯೊ ಕೊಟ್ಟರು. ಯಾರ ಕೈ ಎಂದು ತಿಳಿಯದ ಸಹೋದ್ಯೋಗಿಗಳು ಅದನ್ನು ನೋಡಿ ಅಂಕ ಕೊಟ್ಟರು. ಕೌಶಲದಲ್ಲಿ ಕೊನೆಯ ಕಾಲುಭಾಗದಲ್ಲಿದ್ದವರ ರೋಗಿಗಳಲ್ಲಿ ಶೇ. 14.5 ಮಂದಿಗೆ ತೊಡಕುಗಳು ಉಂಟಾಗಿದ್ದವು. ಮೊದಲ ಕಾಲುಭಾಗದವರಲ್ಲಿ ಶೇ. 5.2 ಮಾತ್ರ. ಇವರೆಲ್ಲ ಪದವಿ ಪಡೆದು ವೃತ್ತಿಯಲ್ಲಿದ್ದವರು ಎಂಬುದನ್ನು ಗಮನಿಸಿ. ಪದವಿಯ ಹಾಳೆ ಈ ವ್ಯತ್ಯಾಸವನ್ನು ಹಿಡಿದಿರಲಿಲ್ಲ. ಒಂದು ವಿಡಿಯೊ ಹಿಡಿಯಿತು.

ಗ್ರಾಫ್ ಹಾಳೆಯ ಮೇಲೊಂದು ಪ್ರಯೋಗ

ವಿಡಿಯೊ ಇಲ್ಲದೆಯೂ ಮಾಡಬಹುದಾದ ಒಂದು ಅಳತೆಯನ್ನು ನೀವೇ ಈಗ ಮಾಡಿ ನೋಡಿ. ಇದಕ್ಕೆ 'ಸಂಚಿತ ಮೊತ್ತ' ಎನ್ನೋಣ. ಕಾರ್ಖಾನೆಗಳ ಗುಣಮಟ್ಟ ನಿಯಂತ್ರಣದಿಂದ ಬಂದ ಈ ವಿಧಾನವನ್ನು 1990ರ ದಶಕದಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆ ಬಳಸಿದ್ದುಂಟು.

ಒಂದು ಶಸ್ತ್ರಕ್ರಿಯೆಯಲ್ಲಿ ನೂರಕ್ಕೆ 10ರಷ್ಟು ತೊಡಕು ಸಹಜವೆಂದು ಒಪ್ಪಿಕೊಂಡೆವು ಎನ್ನಿ. ತೊಡಕಿಲ್ಲದೆ ಮುಗಿದ ಪ್ರತಿಯೊಂದಕ್ಕೂ 0.1 ಕಳೆಯಿರಿ. ತೊಡಕಾದ ಪ್ರತಿಯೊಂದಕ್ಕೂ 0.9 ಕೂಡಿ. ಈಗ ಇಬ್ಬರು ರೆಸಿಡೆಂಟರನ್ನು ಕಲ್ಪಿಸಿಕೊಳ್ಳಿ. ಇಬ್ಬರೂ ತಲಾ 20 ಮಾಡಿದ್ದಾರೆ, ಇಬ್ಬರಿಗೂ ಎರಡೆರಡು ತೊಡಕು. ಒಟ್ಟು ಎಣಿಕೆಯಲ್ಲಿ ಇಬ್ಬರೂ ಸಮ. ಮೊದಲನೆಯವರಿಗೆ ತೊಡಕಾದದ್ದು 2 ಮತ್ತು 3ನೆಯ ಸಲ. ಅವರ ರೇಖೆ 1.7ರವರೆಗೆ ಏರಿ, ಮುಂದೆ ಹದಿನೇಳು ಸಲ ಒಂದೇ ಸಮನೆ ಇಳಿದು ಸೊನ್ನೆಗೆ ಬರುತ್ತದೆ. ಎರಡನೆಯವರಿಗೆ 18 ಮತ್ತು 19ನೆಯ ಸಲ. ಅವರ ರೇಖೆ -1.7ರವರೆಗೆ ಇಳಿದು, ಕೊನೆಯಲ್ಲಿ ಥಟ್ಟನೆ ಏರಿ ಸೊನ್ನೆಗೆ ಬರುತ್ತದೆ.

ಅಂಕ ಒಂದೇ, ಕಥೆ ಬೇರೆ. ಮೊದಲನೆಯವರು ಕಲಿತಂತೆ ಕಾಣುತ್ತದೆ. ಎರಡನೆಯವರಿಗೆ ಏನಾಯಿತು? ಕಠಿಣ ರೋಗಿಗಳು ಬಂದರೇ? ಹಿರಿಯರು ಪಕ್ಕದಲ್ಲಿರಲಿಲ್ಲವೇ? ನಿದ್ದೆಗೆಟ್ಟು ಸೋತಿದ್ದರೇ? ರೇಖೆ ತೀರ್ಪು ಕೊಡುವುದಿಲ್ಲ, ವಿಚಾರಿಸಬೇಕಾದ ಸಮಯ ಬಂದಿದೆ ಎಂದು ಹೇಳುತ್ತದೆ.

ಇನ್ನೊಂದು ಎಚ್ಚರಿಕೆಯನ್ನೂ ಲೆಕ್ಕ ಹಾಕಿ ನೋಡಿ. ನಿಜವಾಗಿ ಶೇ. 20 ತೊಡಕು ತರುವ ಕೈಯೊಂದು 20 ಶಸ್ತ್ರಕ್ರಿಯೆಗಳಲ್ಲಿ ಎರಡು ಅಥವಾ ಇನ್ನೂ ಕಡಿಮೆ ತೊಡಕು ತೋರುವ ಸಂಭವ ಎಷ್ಟು? ದ್ವಿಪದ ಸೂತ್ರದಿಂದ ಸುಮಾರು ಶೇ. 21 ಬರುತ್ತದೆ. ಅಂದರೆ ಇಮ್ಮಡಿ ತೊಡಕಿನ ಕೈಯೂ ಐದರಲ್ಲಿ ಒಂದು ಸಲ ಒಳ್ಳೆಯ ಕೈಯಂತೆ ಕಂಡೀತು. ಇಪ್ಪತ್ತಕ್ಕೇ ಹೀಗಾದರೆ, ಒಂದು ದಿನದ ಪರೀಕ್ಷೆಯಲ್ಲಿ ಸಿಗುವ ಮೂರು ನಾಲ್ಕು ಪ್ರಕರಣಗಳನ್ನು ಎಷ್ಟು ನಂಬಬಹುದು?

ತರಬೇತಿ ಕೊಡುವವರ ಪರೀಕ್ಷೆ

ಕಲಿಯುವವರ ಪರೀಕ್ಷೆ ಹೀಗಾದರೆ ಕಲಿಸುವ ವಿಭಾಗಗಳ ಪರೀಕ್ಷೆ ಹೇಗೆ? ಹಾಸಿಗೆಗಳೆಷ್ಟು, ಎಷ್ಟು ಭರ್ತಿಯಾಗಿವೆ, ಪ್ರಾಧ್ಯಾಪಕರೆಷ್ಟು, ಹಾಜರಾತಿ ಯಂತ್ರದಲ್ಲಿ ಅವರ ಹೆಬ್ಬೆಟ್ಟು ಬಿದ್ದಿದೆಯೇ, ಗ್ರಂಥಾಲಯ ಇದೆಯೇ ಎಂದು ನಮ್ಮ ತಪಾಸಣೆ ಬಹುಕಾಲದಿಂದ ನೋಡುತ್ತ ಬಂದಿದೆ. ಇವೆಲ್ಲ ಬೇಕಾದವೇ. ಶಾಲೆಯಲ್ಲಿ ಕೊಠಡಿ, ಬೆಂಚು, ಶಿಕ್ಷಕರು ಇರಬೇಕಾದಂತೆ. ಆದರೆ ಬೆಂಚು ಎಣಿಸಿ ಮಕ್ಕಳಿಗೆ ಗಣಿತ ಬರುತ್ತದೆಂದು ಯಾರೂ ಷರಾ ಬರೆಯುವುದಿಲ್ಲ.

ಕೆಲವು ನಿಯಮಗಳಂತೂ ಅಳತೆಗೆ ಸಿಗದ ಹಾಗೆ ರಚಿತವಾಗಿವೆ. ರೆಸಿಡೆಂಟರು ಎಷ್ಟು ಗಂಟೆ ದುಡಿಯಬೇಕು ಎಂಬುದಕ್ಕೆ 2023ರ ನಿಯಮಾವಳಿ ಕೊಡುವ ಉತ್ತರ 'ಸಮಂಜಸ ಅವಧಿ' ಎಂಬ ಅರ್ಥದ ಮಾತು. ಅಮೆರಿಕದಲ್ಲಿ 2003ರಲ್ಲಿ ವಾರಕ್ಕೆ 80 ಗಂಟೆಯ ಮಿತಿ ಬಂತು. ಅದು ಕಡಿಮೆಯೇನಲ್ಲ. ಆದರೆ ಮೀರಿದರೆ ಮೀರಿತೆಂದು ತೋರಿಸಬಹುದು. 'ಸಮಂಜಸ'ವನ್ನು ಯಾವ ಗಡಿಯಾರದಿಂದ ಅಳೆಯೋಣ?

ಹಾಗಾದರೆ ಒಂದು ವಿಭಾಗದ ತರಬೇತಿ ಒಳ್ಳೆಯದೋ ಅಲ್ಲವೋ ತಿಳಿಯುವುದು ಹೇಗೆ? ಅಲ್ಲಿ ಕಲಿತು ಹೊರಬಂದವರ ರೋಗಿಗಳನ್ನು ಕೇಳಬೇಕು. 2009ರಲ್ಲಿ ಡೇವಿಡ್ ಆಶ್ ಮತ್ತು ಸಂಗಡಿಗರು ಅಮೆರಿಕದ ಫ್ಲಾರಿಡಾ ಮತ್ತು ನ್ಯೂಯಾರ್ಕ್ ರಾಜ್ಯಗಳಲ್ಲಿ ಇದನ್ನು ಮಾಡಿದರು. 107 ತರಬೇತಿ ಕಾರ್ಯಕ್ರಮಗಳಲ್ಲಿ ಕಲಿತ 4,124 ಪ್ರಸೂತಿ ತಜ್ಞರು ಮಾಡಿಸಿದ ಸುಮಾರು 49 ಲಕ್ಷ ಹೆರಿಗೆಗಳನ್ನು ಅವರು ಪರಿಶೀಲಿಸಿದರು. ಕೊನೆಯ ಐದನೇ ಒಂದು ಭಾಗದ ಕಾರ್ಯಕ್ರಮಗಳಲ್ಲಿ ಕಲಿತವರ ಕೈಯಲ್ಲಿ ತಾಯಂದಿರಿಗೆ ದೊಡ್ಡ ತೊಡಕುಗಳಾದದ್ದು ಶೇ. 13.6. ಮೊದಲ ಐದನೇ ಒಂದು ಭಾಗದವರಲ್ಲಿ ಶೇ. 10.3. ಎಲ್ಲಿ ಕಲಿತರು ಎಂಬುದರ ಗುರುತು ಅವರ ರೋಗಿಗಳ ಮೈಮೇಲೆ ಉಳಿದಿತ್ತು.

ಆದರೆ ಇಲ್ಲೊಂದು ಅಪಾಯವಿದೆ. ಸಾವು, ತೊಡಕುಗಳ ಹಸಿ ಸಂಖ್ಯೆಯನ್ನು ಹಿಡಿದು ಆಸ್ಪತ್ರೆಗಳಿಗೆ ರ‍್ಯಾಂಕ್ ಕೊಟ್ಟರೆ ಏನಾದೀತು? ಶ್ರೀನಿವಾಸಪುರದ ಹಳ್ಳಿಯಿಂದ ಎರಡು ದಿನ ತಡವಾಗಿ, ಹೊಟ್ಟೆಯೆಲ್ಲ ಕೀವು ತುಂಬಿಕೊಂಡು ಬಂದವನನ್ನು ಸೇರಿಸಿಕೊಂಡ ಆಸ್ಪತ್ರೆಗೆ ಅಂಕ ಕಡಿಮೆಯಾಗುತ್ತದೆ. "ಬೆಂಗಳೂರಿಗೆ ಕರೆದುಕೊಂಡು ಹೋಗಿ" ಎಂದು ಆಂಬುಲೆನ್ಸ್ ಹತ್ತಿಸಿದ ಆಸ್ಪತ್ರೆಗೆ ಅಂಕ ಹೆಚ್ಚಾಗುತ್ತದೆ. ಆ 70 ಕಿಲೋಮೀಟರಿನ ದಾರಿಯಲ್ಲಿ ಆದದ್ದು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಅಳತೆಯೇ ಗುರಿಯಾದಾಗ ಅಳತೆ ಕೆಡುತ್ತದೆ. ಶಾಲೆಯ ಶೇಕಡಾ ಫಲಿತಾಂಶಕ್ಕಾಗಿ ಹಿಂದುಳಿದ ಮಗುವನ್ನು ಪರೀಕ್ಷೆಗೇ ಕೂರಿಸದಿರುವುದನ್ನು ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ರೋಗಿ ಬಂದಾಗಿನ ಸ್ಥಿತಿ, ವಯಸ್ಸು, ತಡವಾದ ಗಂಟೆಗಳು ಇವನ್ನೆಲ್ಲ ಸೇರಿಸಿ ಲೆಕ್ಕ ಹಾಕಿದ ಸಂಖ್ಯೆ ಮಾತ್ರ ನ್ಯಾಯವಾದದ್ದು. ಎಲ್ಲಿಗೆ ಕಳಿಸಿದರು, ಕಳಿಸಿದ ಮೇಲೆ ಏನಾಯಿತು ಎಂಬುದೂ ಅದರಲ್ಲಿರಬೇಕು.

ಕೈಗೆ ಬಂದಿರುವ ಅವಕಾಶ

2020ರ ಸೆಪ್ಟೆಂಬರಿನಲ್ಲಿ ಬಂದ ತಿದ್ದುಪಡಿಯಂತೆ ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ರೆಸಿಡೆನ್ಸಿಯಲ್ಲಿ ಕೆಲಸ ಮಾಡಲೇಬೇಕು. ಇದನ್ನು ತೃಪ್ತಿಕರವಾಗಿ ಮುಗಿಸದೆ ಅಂತಿಮ ಪರೀಕ್ಷೆಗೆ ಕೂರುವಂತಿಲ್ಲ. ಇಲ್ಲಿ 'ಜಿಲ್ಲಾ ಆಸ್ಪತ್ರೆ' ಎಂದರೆ ನಿಗದಿತ ಸಂಖ್ಯೆಯ ಹಾಸಿಗೆಗಳಿರುವ ಸರ್ಕಾರಿ ಆಸ್ಪತ್ರೆ. ಜಿಲ್ಲಾ ಕೇಂದ್ರದ್ದೇ ಆಗಬೇಕೆಂದಿಲ್ಲ. ಹೊರರೋಗಿ ವಿಭಾಗ, ವಾರ್ಡು, ತುರ್ತು ಚಿಕಿತ್ಸೆ, ರಾತ್ರಿ ಪಾಳಿ ಎಲ್ಲವೂ ಇದರಲ್ಲಿ ಬರುತ್ತವೆ.

ಮಿಲ್ಲರ್ ಪಿರಮಿಡ್ಡಿನ ತುದಿ ಇದೇ. ಆದರೆ ಈ ಮೂರು ತಿಂಗಳು ಕೊನೆಗೆ ಒಂದು ಪ್ರಮಾಣಪತ್ರವಾಗಿ ಮುಗಿಯುತ್ತದೆ. 'ತೃಪ್ತಿಕರ' ಎಂಬ ಪದ ಯಾರ ತೃಪ್ತಿ, ಯಾವುದರ ತೃಪ್ತಿ ಎಂದು ಹೇಳುವುದಿಲ್ಲ. ಅದರ ಬದಲು ನೆದರ್‌ಲೆಂಡ್ಸಿನ ಒಲ್ಲೆ ಟೆನ್ ಕಾಟೆ 2005ರಲ್ಲಿ ಮಂಡಿಸಿದ ವಿಚಾರವನ್ನು ಬಳಸಬಹುದು. ಅವರ ಪ್ರಶ್ನೆ ಸರಳ: ಈ ಕೆಲಸವನ್ನು ಈ ವ್ಯಕ್ತಿಗೆ ಎಷ್ಟರಮಟ್ಟಿಗೆ ವಹಿಸಬಹುದು? ನೋಡಲು ಮಾತ್ರ ಬಿಡಬಹುದೇ, ಪಕ್ಕದಲ್ಲಿ ನಿಂತು ಮಾಡಿಸಬಹುದೇ, ಕರೆದರೆ ಬರುವಷ್ಟು ದೂರದಲ್ಲಿದ್ದು ಬಿಡಬಹುದೇ, ಪೂರ್ತಿ ವಹಿಸಬಹುದೇ, ಇತರರಿಗೆ ಕಲಿಸಲೂ ಬಿಡಬಹುದೇ? ಅಮೆರಿಕದ ಸರ್ಜರಿ ಮಂಡಳಿ 2023ರಿಂದ ಜನರಲ್ ಸರ್ಜರಿಯಲ್ಲಿ ಇಂಥ ಮೌಲ್ಯಮಾಪನವನ್ನು ಜಾರಿಗೆ ತಂದಿದೆ.

ಮುಳಬಾಗಿಲಿನಂಥ ಆಸ್ಪತ್ರೆಯಲ್ಲಿ ಐದಾರು ಕೆಲಸಗಳನ್ನು ಆರಿಸಿಕೊಳ್ಳಬಹುದು. ಅಪಘಾತದ ರೋಗಿಯನ್ನು ಮೊದಲ ಒಂದು ಗಂಟೆ ನಿಭಾಯಿಸುವುದು, ಹರ್ನಿಯಾ ಹೊಲಿಯುವುದು, ಕೀವು ತೆಗೆಯುವುದು, ಸಕ್ಕರೆ ಕಾಯಿಲೆಯ ಕಾಲಿನ ಆರೈಕೆ, ಯಾರನ್ನು ಯಾವಾಗ ಕೋಲಾರಕ್ಕೆ ಕಳಿಸಬೇಕೆಂಬ ತೀರ್ಮಾನ. ಪ್ರತಿಯೊಂದನ್ನೂ ಬೇರೆ ಬೇರೆ ಹಿರಿಯರು, ಬೇರೆ ಬೇರೆ ದಿನ, ಹತ್ತಾರು ಸಲ ನೋಡಿ ಎರಡು ಸಾಲು ಬರೆಯಲಿ. ಶಾಲೆಯಲ್ಲಿ ನೀವು ಮಾಡುವ ರೂಪಣಾತ್ಮಕ ಮೌಲ್ಯಮಾಪನ ಇದೇ ಅಲ್ಲವೇ?

ಆಕ್ಷೇಪಗಳು ಬರುತ್ತವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರೇ ಒಬ್ಬಿಬ್ಬರು, ಅವರಿಗೆ ಬರೆಯಲು ಪುರುಸೊತ್ತೆಲ್ಲಿ ಎನ್ನಬಹುದು. ಈ ಮಾತು ನಿಜ. ಅದಕ್ಕಾಗಿಯೇ ನಮೂನೆ ಎರಡು ನಿಮಿಷದಲ್ಲಿ ಮುಗಿಯುವಂತಿರಬೇಕು. ಶಿಷ್ಯನಿಗೆ ಕಡಿಮೆ ಅಂಕ ಕೊಡಲು ಗುರುಗಳ ಕೈ ಏಳದು ಎನ್ನಬಹುದು. ಅದೂ ನಿಜ. ಹಲವರ ಅಂಕ ಸೇರಿದಾಗ ಒಬ್ಬರ ದಾಕ್ಷಿಣ್ಯ ಕರಗುತ್ತದೆ. ಇವೆಲ್ಲಕ್ಕಿಂತ ಕಷ್ಟದ ಸಂಗತಿ ಬೇರೆಯಿದೆ. ರುಜು ಹಾಕುವ ಗುರುಗಳ ಬಗ್ಗೆ, ತನ್ನ ವಿಭಾಗದ ಬಗ್ಗೆ ರೆಸಿಡೆಂಟ್ ಬಾಯಿಬಿಟ್ಟು ಹೇಳಲಾರ. ಅಮೆರಿಕದಲ್ಲಿ ಮಾನ್ಯತೆ ಕೊಡುವ ಸಂಸ್ಥೆಯೇ ಪ್ರತಿವರ್ಷ ರೆಸಿಡೆಂಟರನ್ನು ಗೋಪ್ಯವಾಗಿ ಕೇಳುತ್ತದೆ. ಹೆಸರಿಲ್ಲದ ಇಂಥ ಪ್ರಶ್ನಾವಳಿಗೆ ಹೊಸ ಕಟ್ಟಡವೂ ಬೇಡ, ಹೊಸ ಯಂತ್ರವೂ ಬೇಡ.

ಓದುಗರೇ, ಮುಂದಿನ ಸಲ ನಿಮ್ಮ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯೊಬ್ಬ ಬ್ಯೂರೆಟ್ ತಿರುಗಿಸುವಾಗ ಒಂದು ಕ್ಷಣ ಅವನ ಪಕ್ಕದಲ್ಲಿ ನಿಂತು ಕೈಯನ್ನು ನೋಡಿ. ರೆಕಾರ್ಡ್ ಪುಸ್ತಕದಲ್ಲಿಲ್ಲದ ಎಷ್ಟೋ ವಿಷಯ ನಿಮಗೆ ತಿಳಿಯುತ್ತದೆ. ಮಾವಿನ ಮರದಿಂದ ಬಿದ್ದವನನ್ನು ರಾತ್ರಿ ಹನ್ನೊಂದಕ್ಕೆ ಮೇಜಿನ ಮೇಲೆ ಮಲಗಿಸುವ ಆ ಯುವ ವೈದ್ಯರ ಕೈಯನ್ನೂ ಯಾರಾದರೂ ಹಾಗೆ ಪಕ್ಕದಲ್ಲಿ ನಿಂತು, ಹಲವು ಸಲ, ನೋಡಿ ಬರೆದಿರಬೇಕು ಎಂದು ಕೇಳುವ ಹಕ್ಕು ನಮಗೆಲ್ಲರಿಗೂ ಇದೆ.